ಕೂಡಲೊಲ್ಲದ ಎಲುಬು

2022ರಲ್ಲಿ ನಾನು ಹೊಸಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಎಲುಬು-ಕೀಲು ವಿಭಾಗದ ಹಿರಿಯ ವೈದ್ಯೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ವಿಭಾಗ ಎಂದರೆ ದೊಡ್ಡದೇನಲ್ಲ. ನಾನು, ಒಬ್ಬ ಕಿರಿಯ ವೈದ್ಯ, ಇಬ್ಬರು ನರ್ಸ್‌ಗಳು, ಜೊತೆಗೆ ಆಗಾಗ ಮುನಿಸಿಕೊಳ್ಳುವ ಒಂದು ಎಕ್ಸ್‌ರೇ ಯಂತ್ರ. ಬಾಗಿಲು ತಳ್ಳಿಕೊಂಡು ಬಂದ ಹೊಸ ರೋಗಿಗಳು ನನ್ನ ಸೀರೆ ನೋಡಿ, "ಎಲುಬಿನ ಡಾಕ್ಟ್ರು ಎಲ್ಲ್ಯಾರ್ರಿ?" ಎಂದು ಕೇಳುವುದು ಮೂವತ್ತು ವರ್ಷವಾದರೂ ನಿಂತಿರಲಿಲ್ಲ. ನಾನೇ ಎಂದರೆ ಕೆಲವರ ಮುಖ ಇಳಿದುಹೋಗುತ್ತಿತ್ತು. ಕಮಲಾಪುರದ ಅಜ್ಜನೊಬ್ಬ, "ಎಲುಬು ಕೂಡಿಸಾಕ ತಾಕತ್ತು ಬೇಕಾಗ್ತದಲ್ಲವಾ" ಎಂದು ಅನುಕಂಪದಿಂದಲೇ ಹೇಳಿದ್ದ. "ತಾಕತ್ತು ಮುರಿಯಾಕ ಬೇಕಜ್ಜ, ಕೂಡಿಸಾಕಲ್ಲ" ಎಂದು ಅವನನ್ನು ಕೂರಿಸಿದ್ದೆ.

ನಮ್ಮ ಕಸುಬಿನ ಇಂಗ್ಲಿಷಿನಲ್ಲಿ ಕೂಡುವುದಕ್ಕೆ ಸಂಬಂಧಿಸಿದ ಪದಗಳೇ ಹೆಚ್ಚು. ಮುರಿದ ಎಲುಬು ತಾನಾಗಿ ಬೆಸೆದುಕೊಂಡರೆ ಅದು ಯೂನಿಯನ್. ತಡವಾಗಿ ಬೆಸೆದುಕೊಂಡರೆ ಡಿಲೇಡ್ ಯೂನಿಯನ್. ಬೆಸೆದುಕೊಂಡಿದೆ ಆದರೆ ಸೊಟ್ಟಗೆ ಎಂದರೆ ಮಾಲ್‌ಯೂನಿಯನ್. ಕೂಡುವುದನ್ನೇ ಕೈಬಿಟ್ಟಿದ್ದರೆ ನಾನ್‌ಯೂನಿಯನ್. ಸರಿದ ತುದಿಗಳನ್ನು ಮತ್ತೆ ಎದುರುಬದುರು ತರುವುದು ರಿಡಕ್ಷನ್, ಹಾಗೆ ತಂದದ್ದನ್ನು ಅಲುಗಾಡದಂತೆ ಹಿಡಿದಿಡುವುದು ಫಿಕ್ಸೇಷನ್, ಒಂದು ಕಡೆಯ ಎಲುಬು ತೆಗೆದು ಇನ್ನೊಂದು ಕಡೆ ನಾಟುವುದು ಗ್ರಾಫ್ಟ್. ವಿದ್ಯಾರ್ಥಿಯಾಗಿದ್ದಾಗ ಇವು ಪರೀಕ್ಷೆಗೆ ಬಾಯಿಪಾಠ ಮಾಡುವ ಪದಗಳು. ಆಮೇಲೆ ಒಂದೊಂದು ಪದವೂ ಒಬ್ಬೊಬ್ಬರ ಮುಖವಾಗಿ ಉಳಿಯಿತು. ನಾನ್‌ಯೂನಿಯನ್ ಎಂಬ ಪದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ನೆನಪಾಗುವುದು ಹುಲಿಗೆಮ್ಮ.

ಹುಲಿಗೆಮ್ಮ ಸಂಡೂರು ತಾಲ್ಲೂಕಿನ ಬಂಡ್ರಿಯವಳು. ಮೂವತ್ತರ ಆಸುಪಾಸು. ಗಂಡ ಕುಮಾರಸ್ವಾಮಿ ತೋರಣಗಲ್ಲಿನಲ್ಲಿ ಗುತ್ತಿಗೆ ಫಿಟ್ಟರ್. ಕಾರ್ಖಾನೆಯ ಪೈಪುಗಳನ್ನು ಬಿಚ್ಚುವುದು, ಜೋಡಿಸುವುದು, ಸೋರದಂತೆ ಬಿಗಿಯುವುದು ಅವನ ಕೆಲಸ. ಇಬ್ಬರೂ ಅಲ್ಲೇ ಒಂದು ಬಾಡಿಗೆ ಖೋಲಿಯಲ್ಲಿದ್ದರು. ಮಳೆಗಾಲದ ಒಂದು ಮಧ್ಯಾಹ್ನ ಊರಿಗೆಂದು ಬೈಕಿನಲ್ಲಿ ಹೊರಟಿದ್ದಾಗ, ರಸ್ತೆಯ ಮೇಲೆ ಕೂತಿದ್ದ ಅದಿರಿನ ಕೆಸರಿನಲ್ಲಿ ಗಾಲಿ ಜಾರಿತು. ಕುಮಾರಸ್ವಾಮಿಗೆ ಮೊಣಕೈ ತರಚಿತ್ತು, ಅಷ್ಟೆ. ಹುಲಿಗೆಮ್ಮನ ಎಡಗಾಲು ಬೈಕಿಗೂ ಸೇತುವೆಯ ಕಲ್ಲಿಗೂ ನಡುವೆ ಸಿಕ್ಕಿ, ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಮುರಿದು ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು. ನಾನು ನೋಡುವಾಗ ಗಾಯದೊಳಗೆಲ್ಲ ಕೆಂಪು ಮಣ್ಣು. ಎಷ್ಟು ತೊಳೆದರೂ ನೀರು ಕೆಂಪಾಗಿಯೇ ಹರಿಯುತ್ತಿತ್ತು.

ಅಲ್ಲಿಂದ ಒಂಬತ್ತು ತಿಂಗಳು ನಾವು ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ಮೂರು ಸಲ ಆಪರೇಷನ್. ಹೊರಗಿನಿಂದ ಕಂಬಿ ಹಾಕಿ ಹಿಡಿದೆವು, ಸತ್ತ ಮಾಂಸ ತೆಗೆದೆವು, ತೊಡೆಯ ಚರ್ಮ ತಂದು ಹೊದಿಸಿದೆವು. ಗಾಯ ಮೇಲೆ ಮಾಯುತ್ತಿತ್ತು, ಒಂದು ವಾರದಲ್ಲಿ ಒಂದು ಚಿಕ್ಕ ತೂತು ಬಿದ್ದು ಕೀವು ಜಿನುಗುತ್ತಿತ್ತು. ಎಕ್ಸ್‌ರೇಯಲ್ಲಿ ಎಲುಬಿನ ಎರಡು ತುದಿಗಳೂ ದುಂಡಗಾಗಿ, ಮಬ್ಬಾಗಿ, ಒಂದರ ಹಂಗು ಇನ್ನೊಂದಕ್ಕೆ ಇಲ್ಲದಂತೆ ನಿಂತಿದ್ದವು. ಸೋಂಕು ತಗುಲಿದ ನಾನ್‌ಯೂನಿಯನ್. ನಮ್ಮಲ್ಲಿ ಯಾರೂ ಕೇಳಲು ಇಷ್ಟಪಡದ ಪದ ಅದು.

ಕುಮಾರಸ್ವಾಮಿ ಪ್ರತಿ ಸಲವೂ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗಿಂತ ಮುಂಚೆ ನೋಡುತ್ತಿದ್ದ. "ಗ್ಯಾಪ್ ಹಂಗ ಐತಲ್ರಿ ಮೇಡಂ" ಎನ್ನುತ್ತಿದ್ದ. ಬೈಕು ಓಡಿಸುತ್ತಿದ್ದದ್ದು ತಾನು ಎಂಬ ಮಾತನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವಳ ಕಾಲು ಎತ್ತಿ ದಿಂಬಿನ ಮೇಲಿಡುವಾಗ ಅವನ ಕೈ ನೋಡಿದರೆ ಸಾಕಿತ್ತು.

ಉಳಿದಿದ್ದದ್ದು ಎರಡು ದಾರಿ. ಮೊಣಕಾಲಿನ ಕೆಳಗೆ ಕಾಲು ತೆಗೆದುಬಿಡುವುದು ಒಂದು. ಇನ್ನೊಂದು ಬೋನ್ ಟ್ರಾನ್ಸ್‌ಪೋರ್ಟ್, ಅಂದರೆ ಎಲುಬನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ಕೊಳೆತ ಐದು ಸೆಂಟಿಮೀಟರ್ ಎಲುಬನ್ನು ಕತ್ತರಿಸಿ ಎಸೆಯಬೇಕು. ಕಾಲಿನ ಸುತ್ತ ಉಕ್ಕಿನ ಉಂಗುರಗಳನ್ನು ಕೂರಿಸಿ, ತಂತಿಗಳಿಂದ ಎಲುಬಿಗೆ ಬಿಗಿಯಬೇಕು. ಆಮೇಲೆ ಮೊಣಕಾಲಿನ ಹತ್ತಿರ, ಚೆನ್ನಾಗಿರುವ ಎಲುಬನ್ನು ನಾವೇ ಮುರಿಯಬೇಕು. ಹೀಗೆ ಬಿಡಿಸಿದ ತುಂಡನ್ನು ನಟ್ಟು ತಿರುವುತ್ತ ದಿನಕ್ಕೆ ಒಂದೇ ಮಿಲಿಮೀಟರ್ ಕೆಳಗೆ ಸರಿಸಿದರೆ, ಹಿಂದೆ ಬಿಟ್ಟ ಜಾಗದಲ್ಲಿ ದೇಹ ತಾನಾಗಿ ಹೊಸ ಎಲುಬನ್ನು ತುಂಬುತ್ತ ಬರುತ್ತದೆ. ಸರಿಯುತ್ತ ಹೋದ ತುಂಡು ಕೊನೆಗೆ ಕೆಳಗಿನ ತುದಿಗೆ ಹೋಗಿ ಮುಟ್ಟುವುದಕ್ಕೆ ಡಾಕಿಂಗ್ ಎನ್ನುತ್ತಾರೆ, ಹಡಗು ದಡ ಮುಟ್ಟುವುದಕ್ಕೆ ಇರುವ ಪದವೇ.

ನಾನು ಎರಡನ್ನೂ ಬಿಡಿಸಿ ಹೇಳಿದೆ. ಹುಲಿಗೆಮ್ಮ ಗೋಡೆ ನೋಡುತ್ತ ಮಲಗಿದ್ದಳು.

"ತಗದುಬಿಡ್ರಿ ಮೇಡಂ. ಸಾಕಾಗೇತಿ."

"ಬ್ಯಾಡ್ರಿ" ಎಂದ ಕುಮಾರಸ್ವಾಮಿ. "ನಟ್ಟು ತಿರುವೋದು ಅಂದ್ರ ನನ್ನ ಕೆಲಸನ ಆತಲ್ರಿ. ನಾ ತಿರುವ್ತೀನಿ. ಅಕಿಗೆ ಏನೂ ತ್ರಾಸ ಆಗದಂಗ ತಿರುವ್ತೀನಿ."

ಅವಳು ಅವನ ಕಡೆ ಹೊರಳಿ ಒಂದು ಗಳಿಗೆ ನೋಡಿದಳು. ಆಮೇಲೆ, "ಆಗ್ಲಿ" ಎಂದಳು. ಒಪ್ಪಿಗೆ ಅವಳ ಕಾಲಿಗಲ್ಲ, ಅವನ ಮುಖಕ್ಕೆ ಎಂದು ನನಗೆ ಆಗಲೇ ಅನ್ನಿಸಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಬಿಡುಗಡೆಯ ದಿನ ಕುಮಾರಸ್ವಾಮಿಯ ಕೈಗೆ ಹತ್ತು ನಂಬರ್ ಸ್ಪ್ಯಾನರ್ ಕೊಟ್ಟು ತೋರಿಸಿದೆ. ಉಂಗುರಗಳನ್ನು ಜೋಡಿಸುವ ನಾಲ್ಕು ಸರಳು, ಅವಕ್ಕೆ ನಾಲ್ಕು ನಟ್ಟು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಪ್ರತಿಯೊಂದಕ್ಕೂ ಕಾಲು ಸುತ್ತು. ಹೆಚ್ಚಿಲ್ಲ, ಕಮ್ಮಿಯಿಲ್ಲ. ಅವನು ಜೇಬಿನಿಂದ ಬಿಳಿ ಪೇಂಟ್ ಮಾರ್ಕರ್ ತೆಗೆದು ಪ್ರತಿ ನಟ್ಟಿನ ತಲೆಯ ಮೇಲೆ ಒಂದು ಗೀಟು ಹಾಕಿದ. ಕಾರ್ಖಾನೆಯಲ್ಲಿ ಬಿಗಿದ ನಟ್ಟು ಸಡಿಲಾಗಿದೆಯೇ ಎಂದು ನೋಡಲು ಅವರು ಹೀಗೇ ಮಾಡುತ್ತಾರಂತೆ. ದಿನಕ್ಕೆ ಒಂದು ಸುತ್ತು ಪೂರ್ತಿಯಾದರೆ ಮಲಗುವ ಹೊತ್ತಿಗೆ ಗೀಟು ಮತ್ತೆ ಮೇಲಕ್ಕೆ ಬಂದಿರಬೇಕು. ಅವನ ಅಚ್ಚುಕಟ್ಟು ನೋಡಿ ನನಗೆ ಸಂತೋಷವಾಯಿತು. ನಮ್ಮ ಕಿರಿಯ ವೈದ್ಯನಿಗೆ, "ಇವನನ್ನ ನೋಡಿ ಕಲಿಯಪ್ಪ" ಎಂದೂ ಕಿಚಾಯಿಸಿದೆ.

ಮೊದಲ ಎಕ್ಸ್‌ರೇ ಹೇಗಿರಬೇಕೋ ಹಾಗೇ ಇತ್ತು. ತುಂಡು ಸರಿದಿತ್ತು, ಹಿಂದೆ ತೆಳ್ಳಗೆ ಹೊಗೆಯಾಡಿದಂತೆ ಬಿಳಿ ಕಾಣಿಸಿತ್ತು. ಹೊಸ ಎಲುಬಿನ ಮೊದಲ ಗುರುತು ಅದು. ಮುಂದಿನ ಭೇಟಿಗೆ ಮಾತ್ರ ಅವರು ಒಂದು ವಾರ ತಡವಾಗಿ ಬಂದರು. ರಜೆ ಸಿಗಲಿಲ್ಲ ಎಂದ ಕುಮಾರಸ್ವಾಮಿ. ಹುಲಿಗೆಮ್ಮನ ಮುಖ ಬಾಡಿತ್ತು. ಪಾದ ಮುಟ್ಟಿ ನೋಡಿದೆ. ಬೆರಳುಗಳು ಜೋಮು ಹಿಡಿದಿವೆ ಎಂದಳು. ಎಷ್ಟು ದಿನದಿಂದ ಎಂದರೆ ಸೀರೆಯ ಅಂಚು ಎಳೆದು ಪಾದ ಮುಚ್ಚಿಕೊಂಡಳು.

ಎಕ್ಸ್‌ರೇ ಬಂತು. ತುಂಡು ನಾನು ಲೆಕ್ಕ ಹಾಕಿದ್ದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಇನ್ನೊಂದಿಷ್ಟು ದಿನದಲ್ಲಿ ದಡ ಮುಟ್ಟಬಹುದಾದಷ್ಟು ಹತ್ತಿರ. ಆದರೆ ಅದರ ಹಿಂದೆ ಏನೂ ಇರಲಿಲ್ಲ. ಮೊದಲ ಸಲ ಕಂಡಿದ್ದ ಬಿಳಿ ಹೊಗೆಯೂ ಹರಿದುಹೋಗಿ ಬರಿ ಕಪ್ಪು ಕಾಣುತ್ತಿತ್ತು. ಎಳೆದ ವೇಗಕ್ಕೆ ಹೊಸ ಎಲುಬು ಹುಟ್ಟಲು ಆಗಿರಲಿಲ್ಲ. ಕೆಳಗೆ ಒಂದು ಗ್ಯಾಪ್ ಮುಚ್ಚಲು ಹೋಗಿ ಮೇಲೆ ಇನ್ನೊಂದು ಗ್ಯಾಪ್ ಆಗಿತ್ತು. ಒಂದು ವರ್ಷದ ನೋವೆಲ್ಲ ಅಲ್ಲಿ ಕಪ್ಪಾಗಿ ಕಾಣುತ್ತಿತ್ತು.

ನನ್ನ ಸಿಟ್ಟು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವತ್ತು ಕಾರಿಡಾರಿನಲ್ಲಿ ಕೂತವರೂ ಎದ್ದು ನಿಂತರಂತೆ. "ಏನ್ ಮಾಡೀಯಪ್ಪ ನೀನು? ಇದೇನು ನಿನ್ನ ಫ್ಯಾಕ್ಟರಿ ಪೈಪ್ ಅಂದ್ಕೊಂಡ್ಯಾ, ಜಲ್ದಿ ಬಿಗದು ಮನಿಗೆ ಹೋಗಾಕ?" ಎಂದು ಕುಮಾರಸ್ವಾಮಿಯ ಮೇಲೆ ಹರಿಹಾಯ್ದೆ.

ಅವನು ತಲೆ ತಗ್ಗಿಸಿದ. "ತಪ್ಪಾತ್ರಿ ಮೇಡಂ. ನಂದ ತಪ್ಪು."

"ಸುಳ್ಳು ಹೇಳ್ತಾರ್ರಿ" ಎಂದಳು ಹುಲಿಗೆಮ್ಮ. ಗಾಲಿಕುರ್ಚಿಯ ಕೈ ಹಿಡಿದುಕೊಂಡು ಏಳಲು ನೋಡುತ್ತಿದ್ದಳು. "ಅವರಲ್ರಿ, ನಾನು. ಅವರು ಡ್ಯೂಟಿಗೆ ಹೋದಮ್ಯಾಗ ನಾನ ತಿರುವ್ಕೋತಿದ್ದೆ."

ಮಧ್ಯಾಹ್ನದ ಸುತ್ತಿಗೆಂದು ಕುಮಾರಸ್ವಾಮಿ ದಿನಾ ಊಟದ ಹೊತ್ತಿನಲ್ಲಿ ಗೇಟು ದಾಟಿ ಖೋಲಿಗೆ ಬಂದು ಹೋಗುತ್ತಿದ್ದ. ಸೂಪರ್‌ವೈಸರ್ ಎರಡು ಸಲ ಸುಮ್ಮನಿದ್ದು, ಮೂರನೆಯ ಸಲ, ಇನ್ನೊಮ್ಮೆ ಹೀಗೆ ಮಾಡಿದರೆ ಬರಲೇಬೇಡ ಎಂದಿದ್ದ. ಇದನ್ನು ಕುಮಾರಸ್ವಾಮಿ ಹೆಂಡತಿಗೆ ಹೇಳಿರಲಿಲ್ಲ. ಪಕ್ಕದ ಖೋಲಿಯವರ ಬಾಯಿಂದ ಅವಳಿಗೆ ತಿಳಿದಿತ್ತು. ಬೇಗ ಮುಗಿದರೆ ಅವನ ಕೆಲಸ ಉಳಿಯುತ್ತದೆ ಎಂದುಕೊಂಡು, ಅವನು ಕಿಟಕಿಯ ಮೇಲೆ ಇಡುತ್ತಿದ್ದ ಸ್ಪ್ಯಾನರ್ ತೆಗೆದುಕೊಂಡು ದಿನಾ ತಾನೂ ತಿರುವುತ್ತಿದ್ದಳು. ತುಂಡು ಜೋರಾಗಿ ಸರಿದಷ್ಟೂ ನೋವು ಹೆಚ್ಚು. ಆ ನೋವನ್ನು ಸೆರಗು ಕಚ್ಚಿಕೊಂಡು ತಡೆದಿದ್ದಳು. ಸಂಜೆ ಅವನು ಬಂದಾಗ ಏನೂ ಆಗದವಳಂತೆ ಕಾಲು ಚಾಚುತ್ತಿದ್ದಳು.

ನಾನು ಕುಮಾರಸ್ವಾಮಿಯನ್ನು ಕೇಳಿದೆ, "ನೀ ಹಾಕಿದ ಗೀಟು ಇತ್ತಲ್ಲಪ್ಪ. ನಿನಗ ಗೊತ್ತಾಗಲಿಲ್ಲೇನು?"

ಅವನು ಬಗ್ಗಿ ಒಂದು ನಟ್ಟಿನ ಮೇಲಿನ ಗೀಟನ್ನು ಹೆಬ್ಬೆರಳಿನಿಂದ ಮುಟ್ಟಿದ.

"ಗೊತ್ತಾತ್ರಿ. ಮೊದಲ್ನೇ ದಿನಾನ ಗೊತ್ತಾತು. ಮಲಗೋ ಹೊತ್ತಿಗೆ ಗೀಟು ಮ್ಯಾಲ ಇರಬೇಕಿತ್ತು, ಕೆಳಗಿತ್ತು."

"ಮತ್ತ?"

"ಅವತ್ತು ಅಕಿ ಎರಡು ರೊಟ್ಟಿ ತಿಂದಿದ್ಲು ಮೇಡಂ. ಕಾಲು ಮುರದಮ್ಯಾಗ ಅಕಿ ಹಂಗ ಊಟ ಮಾಡಿದ್ದ ಇಲ್ಲ. ಮುಗೀತಲ್ಲ, ಇನ್ನೇನು ಮುಗೀತಲ್ಲ ಅಂತಿದ್ಲು. ಬಾಯಿ ಬರ್ಲಿಲ್ರಿ ನನಗ."

ಹುಲಿಗೆಮ್ಮ ಅವನ ಕಡೆ ತಿರುಗಿದಳು. ತಾನು ಬಚ್ಚಿಟ್ಟದ್ದು ಅವನಿಗೆ ಗೊತ್ತಿತ್ತು ಎಂಬುದು ಅವಳಿಗೆ ಆಗಷ್ಟೇ ತಿಳಿದದ್ದು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಕಾಣೆ. ಬೈಯಲು ಇಬ್ಬರಲ್ಲಿ ಯಾರೂ ಸಿಗದೆ ನಾನು ಸ್ಟೂಲಿನ ಮೇಲೆ ಕೂತೆ.

ಆದರೆ ಅಯ್ಯೋ ಎಂದುಕೊಂಡು ಕೂತರೆ ಕಾಲು ಉಳಿಯುವುದಿಲ್ಲ. ಇಂಥ ಸ್ಥಿತಿಯಲ್ಲಿ ಮಾಡಬಹುದಾದದ್ದು ಒಂದೇ, ಸರಿಸಿದ್ದನ್ನು ಹಿಂದಕ್ಕೆ ಸರಿಸುವುದು. ಮುಂದೆ ಹೋದ ತುಂಡನ್ನು ನಟ್ಟನ್ನು ತಿರುವುಮುರುವಾಗಿ ತಿರುಗಿಸುತ್ತ ಮೇಲಕ್ಕೆ ತಂದು, ಖಾಲಿ ಜಾಗವನ್ನು ಒತ್ತಿ, ಕಾದು, ಬಿಳಿ ಮತ್ತೆ ಕಾಣಿಸಿದ ಮೇಲೆ ಹೊಸದಾಗಿ ಶುರುಮಾಡುವುದು. ಹಾರ್ಮೋನಿಯಂ ತಿದಿಯನ್ನು ಒತ್ತಿ ಬಿಟ್ಟಂತೆ. ನಮ್ಮವರು ಇಂಗ್ಲಿಷಿನಲ್ಲಿ ಇದಕ್ಕೆ ಅಕಾರ್ಡಿಯನ್ ಎಂಬ ವಾದ್ಯದ ಹೆಸರನ್ನೇ ಇಟ್ಟಿದ್ದಾರೆ. ಎಲುಬು ಬಂದೇ ಬರುತ್ತದೆ ಎಂಬ ಭರವಸೆ ಇಲ್ಲ. ನಾನು ಅದನ್ನೂ ಮುಚ್ಚಿಡಲಿಲ್ಲ. ಬರಬಹುದು, ಬರದೆಯೂ ಇರಬಹುದು, ಬರದಿದ್ದರೆ ಕಾಲು ತೆಗೆಯಬೇಕು ಎಂದೆ.

"ಹಿಂದಕ್ಕಾ?" ಎಂದಳು ಹುಲಿಗೆಮ್ಮ. ಅವಳ ದನಿ ಬದಲಾಗಿತ್ತು. "ಅಷ್ಟೂ ಹಿಂದಕ್ಕಾ?"

"ಹೂಂನವ್ವ."

"ಬ್ಯಾಡ. ಇವತ್ತ ಕಡದುಹಾಕ್ರಿ. ಹಲ್ಲು ಕಚ್ಚಿ ತಿರುವೀನ್ರಿ ನಾನು ಅಷ್ಟೂ. ಹಿಂದಕ್ಕ ಹೋಗು ಅಂದ್ರ ನನ್ನ ಕಡಿಂದ ಆಗಂಗಿಲ್ಲ. ಕಾಲಿಲ್ಲದಿದ್ರ ಕುಂತು ಅಡಗಿ ಮಾಡ್ತೀನಿ. ಇವರಿಗೆ ಬ್ಯಾಡಾದ್ರ ನಮ್ಮವ್ವನ ಮನಿಗೆ ಬಿಟ್ಟುಬರ್ಲಿ."

ಆ ಕೊನೆಯ ಮಾತಿಗೆ ಕುಮಾರಸ್ವಾಮಿ ಏಟು ತಿಂದವನಂತೆ ಹಿಂದೆ ಸರಿದ. ಅವಳು ಅಳತೊಡಗಿದಳು. ಅಷ್ಟು ದಿನ ಯಾವ ಡ್ರೆಸಿಂಗಿಗೂ, ಯಾವ ಸೂಜಿಗೂ ಅಳದಿದ್ದವಳು ಬಾಯಿ ತೆರೆದು ಮಗುವಿನಂತೆ ಅತ್ತಳು. ನಮ್ಮ ನರ್ಸ್ ಬಾಗಿಲು ಮುಂದೆ ಮಾಡಿದಳು. ಕಾಲು ತೆಗೆಯುವುದೇ ಸರಿಯೇನೋ, ಇವರನ್ನು ಇನ್ನೆಷ್ಟು ದಿನ ಹೀಗೆ ಗೋಳಾಡಿಸಲಿ ಎಂದು ನನಗೂ ಅನ್ನಿಸಿತ್ತು. ಅದೂ ಒಂದು ಒಳ್ಳೆಯ ಚಿಕಿತ್ಸೆಯೇ, ಎಷ್ಟೋ ಜನ ಕೃತಕ ಕಾಲಿನಲ್ಲಿ ಹೊಲಕ್ಕೆ ಹೋಗಿ ಬರುತ್ತಾರೆ. ಅವಳ ಅಳು ಸ್ವಲ್ಪ ಇಳಿದ ಮೇಲೆ ಅದನ್ನೇ ಹೇಳಿದೆ. "ನೀ ಏನಂತೀಯೋ ಅದನ್ನ ಮಾಡ್ತೀನವ್ವ. ಇವತ್ತ ಹೇಳಬೇಕಂತಿಲ್ಲ."

ಕುಮಾರಸ್ವಾಮಿ ಅವಳ ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಜೇಬಿನಿಂದ ಸ್ಪ್ಯಾನರ್ ತೆಗೆದ. ಆಸ್ಪತ್ರೆಗೆ ಹೊರಡುವಾಗ ಕಿಟಕಿಯ ಮೇಲಿಂದ ಅದನ್ನು ತೆಗೆದುಕೊಂಡೇ ಬಂದಿದ್ದ. ಅವಳ ಮಡಿಲಲ್ಲಿ ಇಟ್ಟ.

"ಇನ್ನ ಇದನ್ನ ನಾ ಮುಟ್ಟಂಗಿಲ್ಲ ಹುಲಿಗಿ. ಕಾಲು ನಿಂದು. ತಿರುವಿದ್ರ ನೀನ ತಿರುವು. ಬ್ಯಾಡಂದ್ರ ಇಲ್ಲೇ ಮೇಡಂಗೆ ಕೊಟ್ಟುಬಿಡು, ನಾ ಒಂದು ಮಾತೂ ಅನ್ನಂಗಿಲ್ಲ. ಹೆಂಗಿದ್ರೂ ನಮ್ಮನಿಗೇ ಹೋಗೋದು. ನಿಮ್ಮವ್ವನ ಮನಿಗಲ್ಲ."

ಅವಳು ಸ್ಪ್ಯಾನರ್ ಕಡೆ ನೋಡುತ್ತ ಕೂತಳು. ಹೊರಗೆ ಯಾರದೋ ಹೆಸರು ಕೂಗುತ್ತಿದ್ದರು. ನನ್ನ ಹೊರರೋಗಿಗಳ ಸಾಲು ಬೆಳೆಯುತ್ತಿತ್ತು, ಕಿರಿಯ ವೈದ್ಯ ಎರಡು ಸಲ ಬಾಗಿಲಲ್ಲಿ ಇಣುಕಿದ. ನಾನು ಏಳಲಿಲ್ಲ. ಕೊನೆಗೆ ಅವಳು ಮೂಗು ಒರೆಸಿಕೊಂಡು ಕೇಳಿದಳು.

"ಯಾವ ಕಡೆ ತಿರುವಬೇಕ್ರಿ?"

ನಾನು ಅವಳ ಕೈ ಹಿಡಿದು ತೋರಿಸಿದೆ. ಮೊದಲ ನಟ್ಟನ್ನು ಅವಳು ಹಿಂದಕ್ಕೆ ತಿರುವಿದಳು. ಒಂದೊಂದು ನಟ್ಟಿಗೂ ಕಣ್ಣೀರು ಇಳಿಯುತ್ತಿತ್ತು. ನಾಲ್ಕನೆಯದು ಮುಗಿಯುವವರೆಗೂ ಕುಮಾರಸ್ವಾಮಿ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ.

ಆಮೇಲಿನದು ಸುಲಭವಾಯಿತು ಎಂದರೆ ಸುಳ್ಳು. ಹಿಂದಕ್ಕೆ ತರುವ ವಾರಗಳಲ್ಲಿ ಅವಳು ಎರಡು ಸಲ ಫೋನ್ ಮಾಡಿ, ಸಾಕು, ಕಡಿದುಬಿಡಿ ಎಂದಳು. ಒಂದು ಸಲ ತಂತಿ ಹಾದಲ್ಲಿ ಕೀವಾಗಿ ಜ್ವರ ಬಂದು ವಾರ್ಡಿನಲ್ಲಿ ಮಲಗಿಸಿಕೊಂಡೆವು. ಕುಮಾರಸ್ವಾಮಿಯ ಕೆಲಸ ಹೋಗಿಯೇ ಹೋಯಿತು. ಯಾವುದಕ್ಕೆಂದು ಅವಳು ಅಷ್ಟು ನೋವು ತಿಂದಿದ್ದಳೋ ಅದೇ ಉಳಿಯಲಿಲ್ಲ. ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋದರು. ಹಿಂದಕ್ಕೆ ತಂದ ಮೇಲೆ ಎಕ್ಸ್‌ರೇ ತೆಗೆಯುತ್ತ ಹೋದೆವು. ಮೂರು ಸಲ ಬರೀ ಕಪ್ಪು. ನಾಲ್ಕನೆಯ ಸಲ ಕಿರಿಯ ವೈದ್ಯ ಹಾಳೆ ಹಿಡಿದು, "ಮೇಡಂ, ಇದು ಬಿಳಿನಾ ಅಥವಾ ನನಗ ಹಂಗ ಕಾಣ್ತದಾ?" ಎಂದ. ಅವನಿಗೂ ಹಾಗೆ ಕಂಡಿತು, ನನಗೂ ಹಾಗೆ ಕಂಡಿತು. ಆದರೂ ಮುಂದಿನ ಸಲದವರೆಗೂ ನಾವು ಅವಳಿಗೆ ಹೇಳಲಿಲ್ಲ.

ಮತ್ತೆ ಮುಂದಕ್ಕೆ ಸರಿಸಿದೆವು. ಈ ಸಲ ಅವಳೇ ಕಾಲು ಸುತ್ತು, ಕಾಲು ಸುತ್ತಾಗಿ ತಿರುವಿದಳು. ತುಂಡು ಕೆಳಗಿನ ತುದಿಯನ್ನು ಮುಟ್ಟಿದ ಮೇಲೂ ಅಲ್ಲಿ ಬೆಸುಗೆ ತಡವಾಗಿ, ಸೊಂಟದಿಂದ ಎಲುಬು ತೆಗೆದು ಗ್ರಾಫ್ಟ್ ಹಾಕಬೇಕಾಯಿತು. ಉಂಗುರಗಳನ್ನು ಬಿಚ್ಚುವಷ್ಟರಲ್ಲಿ ನನ್ನ ನಿವೃತ್ತಿಯ ಆದೇಶವೂ ಬಂದಿತ್ತು.

ಆ ಆಸ್ಪತ್ರೆಯಲ್ಲಿ ನನ್ನ ಕೊನೆಯ ವಾರ ಹುಲಿಗೆಮ್ಮ ಬಂದಳು, ಒಬ್ಬಳೇ. ಕಂಪ್ಲಿ ಬಸ್ಸಿಳಿದು ನಿಲ್ದಾಣದಿಂದ ನಡೆದೇ ಬಂದಿದ್ದಳು. ಎಡಗಾಲು ತುಸು ಗಿಡ್ಡ, ಚಪ್ಪಲಿಗೆ ಒಂದು ಪದರ ಹೆಚ್ಚಿಗೆ ಹಾಕಿಸಿದ್ದಳು. ಎಕ್ಸ್‌ರೇ ನೋಡಿ ಕೇಸ್ ಶೀಟಿನಲ್ಲಿ ಯೂನಿಯನ್ ಎಂದು ಬರೆದೆ. ಅಲ್ಲಿಯವರೆಗೆ ಎಷ್ಟೋ ಸಾವಿರ ಸಲ ಬರೆದ ಪದ. ಪ್ರತಿ ಸಲವೂ ನಾನು ಕೂಡಿಸಿದೆ ಎಂಬ ಒಂದು ಸಣ್ಣ ಗರ್ವ ಒಳಗೆ ಇರುತ್ತಿತ್ತು. ಈ ಸಲ ಇರಲಿಲ್ಲ. ವೈದ್ಯರು ತುದಿಗಳನ್ನು ಹತ್ತಿರ ತಂದು, ಅಲುಗದಂತೆ ಹಿಡಿದು, ತಪ್ಪಿದರೆ ಹಿಂದೆ ಬಂದು ಮತ್ತೆ ಹಿಡಿಯಬಹುದು. ಕೂಡುವುದು ಒಳಗಿನಿಂದ ಆಗಬೇಕು, ಅದರ ಹೊತ್ತಿಗೆ ಅದು ಆಗಬೇಕು. ಸ್ಪ್ಯಾನರ್ ಕೂಡ ಯಾರ ಕಾಲೋ ಅವರ ಕೈಯಲ್ಲೇ ಇರಬೇಕು. ಆ ಎರಡು ವರ್ಷ ನನಗೆ ಕಲಿಸಿದ್ದು ಇಷ್ಟು. ಈಗ ಕಿರಿಯರು ಸಲಹೆ ಕೇಳಿ ಫೋನ್ ಮಾಡಿದರೆ ನಾನು ಮೊದಲು ಕೇಳುವುದೂ ಅದನ್ನೇ, ನಟ್ಟು ತಿರುವುವವರು ಯಾರು ಎಂದು.

"ಕುಮಾರಸ್ವಾಮಿ ಬರಲಿಲ್ಲೇನವ್ವ?" ಎಂದೆ.

"ಬರ್ತೀನಿ ಅಂದ್ರು, ನಾನ ಬ್ಯಾಡ ಅಂದೆ. ಒಬ್ಬಾಕಿನ ನಡದು ನೋಡ್ಬೇಕಿತ್ರಿ."

ಅವಳನ್ನು ಕಳಿಸಲು ಮೆಟ್ಟಿಲವರೆಗೆ ಹೋದೆ. ರಸ್ತೆಯ ಆಚೆ, ಚಹಾ ಅಂಗಡಿಯ ಕಂಬದ ಹಿಂದೆ ಕುಮಾರಸ್ವಾಮಿ ನಿಂತಿದ್ದ. ಅವಳ ನಂತರದ ಬಸ್ಸಿಗೆ ಬಂದಿರಬೇಕು. ನನ್ನನ್ನು ಕಂಡು, ಹೇಳಬೇಡಿ ಎಂಬಂತೆ ಕೈಯಾಡಿಸಿದ. ಆಗಲಿ ಎಂದು ತಲೆಯಾಡಿಸಿದೆ. ಹುಲಿಗೆಮ್ಮ ಗೇಟು ದಾಟಿ ನಿಲ್ದಾಣದ ಕಡೆ ಹೊರಳಿದಳು. ಅವನು ಒಂದಷ್ಟು ದೂರ ಬಿಟ್ಟು ಹಿಂದೆ ಹೊರಟ. ಅವಳು ಸ್ವಲ್ಪ ನಡೆದು ನಿಂತಳು. ತಿರುಗಿ ನೋಡಲಿಲ್ಲ.

"ಜಲ್ದಿ ಬರ್ರಿ" ಎಂದಳು, "ಬಸ್ ಹೋಗ್ತದ."